ಕಚೇರಿ ನೆಟ್‌ವರ್ಕ್‌ಗೆ ಹೊರಗಿನಿಂದ ಪ್ರವೇಶ: ಹಳೆಯ ವಿಪಿಎನ್ ಸಾಧನ ತೆಗೆದು ಏನು ಹಾಕುವುದು?

ಹೆಬ್ಬಾಗಿಲು

ಎಲ್ಲರಿಗೂ ನಮಸ್ಕಾರ. ಸುಮಾರು 400 ಜನರಿರುವ ಸಂಸ್ಥೆಯೊಂದರ ನೆಟ್‌ವರ್ಕ್ ನೋಡಿಕೊಳ್ಳುವ ಸಣ್ಣ ತಂಡದಲ್ಲಿದ್ದೇನೆ. ನಮ್ಮ ಎಸ್‌ಎಸ್‌ಎಲ್ ವಿಪಿಎನ್ ಸಾಧನಕ್ಕೆ (ಹೊರಗಿರುವವರನ್ನು ವೆಬ್ ಲಾಗಿನ್ ಮೂಲಕ, ಗೂಢಲಿಪಿಯ ದಾರಿಯಲ್ಲಿ ಕಚೇರಿ ನೆಟ್‌ವರ್ಕ್‌ಗೆ ಸೇರಿಸುವ ಸಾಧನ) ತಯಾರಕರ ಬೆಂಬಲ ಕೆಲವೇ ತಿಂಗಳಲ್ಲಿ ನಿಲ್ಲುತ್ತದೆ. ಅದೇ ಕಂಪನಿಯ ಹೊಸ ಮಾದರಿಗೆ ಬದಲಾಯಿಸಿ ಎಂದು ಮಾರಾಟದವರು ದುಂಬಾಲು ಬಿದ್ದಿದ್ದಾರೆ. ಆಡಳಿತ ಮಂಡಳಿಗೂ ಅದೇ ಸುಲಭ ಅನ್ನಿಸಿದೆ.

ಈಗಿನ ಸ್ಥಿತಿ ಹೀಗಿದೆ: ಆ್ಯಕ್ಟಿವ್ ಡೈರೆಕ್ಟರಿಯ (ನೌಕರರ ಖಾತೆಗಳನ್ನೆಲ್ಲ ನೋಡಿಕೊಳ್ಳುವ ಮೈಕ್ರೋಸಾಫ್ಟ್ ವ್ಯವಸ್ಥೆ) ಪಾಸ್‌ವರ್ಡ್ ಒಂದಿದ್ದರೆ ಲಾಗಿನ್ ಆಗಬಹುದು. ಲಾಗಿನ್ ಆದ ಮೇಲೆ ಇಡೀ ಒಳ ನೆಟ್‌ವರ್ಕ್ ಕಾಣುತ್ತದೆ. ಎರಡು ಹೊರಗುತ್ತಿಗೆ ಕಂಪನಿಗಳ ಎಂಜಿನಿಯರ್‌ಗಳು ತಲಾ ಒಂದು ಹಂಚಿಕೊಂಡ ಖಾತೆ ಬಳಸುತ್ತಾರೆ. ಒಂದು ಹಳೆಯ ಲೆಕ್ಕಪತ್ರ ತಂತ್ರಾಂಶ ಇದೆ, ಅದು ಬ್ರೌಸರ್‌ನಲ್ಲಿ ನಡೆಯುವುದಿಲ್ಲ, ನೇರವಾಗಿ ಡೇಟಾಬೇಸ್‌ಗೆ ಮಾತಾಡುತ್ತದೆ.

ಹೇಗೂ ಬದಲಾಯಿಸಬೇಕಿರುವುದರಿಂದ ಈ ಸಲ ಸರಿಯಾಗಿ ಮಾಡಬೇಕು ಅನ್ನುವುದು ನನ್ನ ಆಸೆ. ಯಾವುದನ್ನು ಆರಿಸುತ್ತೀರಿ, ಯಾಕೆ?

ಕೋಟೆಕಾವಲು

ಯಾವ ಬ್ರ್ಯಾಂಡ್ ಎಂದು ಕೇಳುವ ಮೊದಲು ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ: ಈ ಗೇಟ್‌ವೇಯೇ, ಅಂದರೆ ವಿಪಿಎನ್ ಸಾಧನವೇ, ದಾಳಿಕೋರರ ಕೈಗೆ ಸಿಕ್ಕರೆ ಅಲ್ಲಿಂದ ಅವರು ಎಲ್ಲಿಗೆಲ್ಲ ಹೋಗಬಹುದು? ನಿಮ್ಮ ಈಗಿನ ವಿನ್ಯಾಸದಲ್ಲಿ ಉತ್ತರ "ಎಲ್ಲಿಗಾದರೂ". ಅದು ಬದಲಾಗದೆ ಸಾಧನ ಮಾತ್ರ ಬದಲಾದರೆ ಖರ್ಚು ಮಾಡಿದ್ದಷ್ಟೇ ಲಾಭ.

ಇದು ಊಹೆಯ ಮಾತಲ್ಲ. 2019ರಲ್ಲಿ ಪಲ್ಸ್ ಕನೆಕ್ಟ್ ಸೆಕ್ಯೂರ್ ಎಂಬ ವಿಪಿಎನ್ ಸಾಧನದಲ್ಲಿ ಸಿಕ್ಕ ಸಿವಿಇ-2019-11510 ದೋಷದಿಂದ (ಸಿವಿಇ ಅಂದರೆ ಬಹಿರಂಗವಾದ ಭದ್ರತಾ ದೋಷಗಳಿಗೆ ಕೊಡುವ ಗುರುತು ಸಂಖ್ಯೆ), ಲಾಗಿನ್ ಆಗದೆಯೇ ಸಾಧನದೊಳಗಿನ ಕಡತಗಳನ್ನು ಓದಬಹುದಿತ್ತು. ಫೋರ್ಟಿನೆಟ್‌ನ ಸಿವಿಇ-2018-13379 ಕೂಡ ಅದೇ ಜಾತಿಯದು. 2021ರ ಸೆಪ್ಟೆಂಬರ್‌ನಲ್ಲಿ ಸುಮಾರು 87,000 ಫೋರ್ಟಿಗೇಟ್ ಸಾಧನಗಳ (ಇವೂ ಫೋರ್ಟಿನೆಟ್‌ನವೇ) ಲಾಗಿನ್ ವಿವರ ಬಯಲಾದಾಗ, ಪ್ಯಾಚ್ (ದೋಷ ಸರಿಪಡಿಸುವ ಅಪ್‌ಡೇಟ್) ಹಾಕಿಯೂ ಪಾಸ್‌ವರ್ಡ್ ಬದಲಿಸದವರು ಇನ್ನೂ ಅಪಾಯದಲ್ಲೇ ಇದ್ದಾರೆ ಎಂದು ಕಂಪನಿಯೇ ಎಚ್ಚರಿಸಬೇಕಾಯಿತು. 2024ರ ಜನವರಿಯಲ್ಲಿ ಇವಾಂಟಿ ಕಂಪನಿಯ ವಿಪಿಎನ್ ಸಾಧನಗಳ ಎರಡು ದೋಷಗಳನ್ನು ಜೋಡಿಸಿ ನಡೆದ ದಾಳಿ ಎಷ್ಟು ಗಂಭೀರವಾಗಿತ್ತೆಂದರೆ, ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸಿಸಾ ತನ್ನ ಸರ್ಕಾರಿ ಇಲಾಖೆಗಳಿಗೆ ಆ ಸಾಧನಗಳ ಸಂಪರ್ಕವನ್ನೇ ಕಿತ್ತುಹಾಕಲು ಆದೇಶಿಸಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಪಾಲೋ ಆಲ್ಟೋದ ಗ್ಲೋಬಲ್‌ಪ್ರೊಟೆಕ್ಟ್ ಸರದಿ, ಸಿವಿಇ-2024-3400. ತೀವ್ರತೆಯ ಅಂಕ 10ಕ್ಕೆ 10. ಪ್ಯಾಚ್ ಬರುವ ಮೊದಲೇ ದಾಳಿ ಶುರುವಾಗಿತ್ತು.

ಯಾವ ಕಂಪನಿ ಕೆಟ್ಟದ್ದು ಎಂದು ತೋರಿಸಲು ಇದನ್ನು ಹೇಳುತ್ತಿಲ್ಲ. ಹೆಸರಾಂತ ಕಂಪನಿಗಳು ಒಂದರ ಹಿಂದೆ ಒಂದು ಈ ಪಟ್ಟಿಗೆ ಸೇರಿವೆ. ಇಂಟರ್‌ನೆಟ್‌ಗೆ ಮುಖ ಮಾಡಿ ನಿಂತ, ಒಳಗೆ ಏನಿದೆ ಎಂದು ನಮಗೇ ನೋಡಲು ಬಿಡದ ಸಾಧನ ಒಂದು ದಿನ ಬೀಳುತ್ತದೆ ಎಂದುಕೊಂಡೇ ನೆಟ್‌ವರ್ಕ್ ಕಟ್ಟಬೇಕು.

ಸುರಂಗ

ಕೋಟೆಕಾವಲು ಅವರ ಮಾತು ಒಪ್ಪುತ್ತೇನೆ. ಅದಕ್ಕೇ ನನ್ನ ಮತ ವೈರ್‌ಗಾರ್ಡ್‌ಗೆ, ಅದು ಮುಕ್ತ ಮೂಲದ ಸರಳ ವಿಪಿಎನ್. ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ 2020ರಿಂದ, 5.6ನೇ ಆವೃತ್ತಿಯಿಂದ ಇದೆ. ಮೂಲ ಸಂಕೇತ ಸುಮಾರು 4,000 ಸಾಲು, ಕೂತು ಓದಬಹುದಾದಷ್ಟು. ಸರಿಯಾದ ಕೀ (ಗೂಢಲಿಪಿಯ ಕೀಲಿ) ಇಲ್ಲದವರು ಪ್ಯಾಕೆಟ್ ಕಳಿಸಿದರೆ ಅದು ಉತ್ತರವನ್ನೇ ಕೊಡುವುದಿಲ್ಲ, ಪೋರ್ಟ್ ಸ್ಕ್ಯಾನ್ ಮಾಡಿ ತೆರೆದ ಬಾಗಿಲು ಹುಡುಕುವವರಿಗೆ ಅಲ್ಲೊಂದು ಸೇವೆ ಇದೆ ಅಂತಲೇ ಗೊತ್ತಾಗುವುದಿಲ್ಲ. ಎಸ್‌ಎಸ್‌ಎಲ್ ವಿಪಿಎನ್‌ನ ಲಾಗಿನ್ ಪುಟವಾದರೋ ಜಗತ್ತಿಗೆಲ್ಲ ತೆರೆದ ಒಂದು ವೆಬ್ ಅಪ್ಲಿಕೇಶನ್. ಮೇಲೆ ಹೇಳಿದ ದೋಷಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಆ ವೆಬ್ ಭಾಗದಲ್ಲೇ.

ಮುದ್ರೆಯುಂಗುರ

ವೈರ್‌ಗಾರ್ಡ್ ನನಗೂ ಇಷ್ಟ. ಆದರೆ 400 ಜನರ ಸಂಸ್ಥೆಯಲ್ಲಿ ಅದನ್ನು ಹಾಗೇ ಇಟ್ಟರೆ ಕಷ್ಟ. ಅದಕ್ಕೆ ಗೊತ್ತಿರುವುದು ಕೀ ಮಾತ್ರ, ಮನುಷ್ಯ ಗೊತ್ತಿಲ್ಲ. ಖಾಸಗಿ ಕೀ ಲ್ಯಾಪ್‌ಟಾಪ್‌ನ ಒಂದು ಸಂರಚನಾ ಕಡತದಲ್ಲಿ ಕೂತಿರುತ್ತದೆ, ಆ ಕಡತ ನಕಲಾದರೆ ಪ್ರವೇಶವೂ ನಕಲಾದಂತೆ. ಎರಡನೇ ಹಂತದ ದೃಢೀಕರಣ ಪ್ರೋಟೋಕಾಲ್‌ನಲ್ಲೇ ಇಲ್ಲ. ಯಾರಾದರೂ ಕೆಲಸ ಬಿಟ್ಟರೆ ಅವರ ಕೀ ತೆಗೆಯುವುದು ನೀವೇ ನೆನಪಿಟ್ಟು ಮಾಡಬೇಕಾದ ಕೆಲಸ. ಇವನ್ನೆಲ್ಲ ಸರಿಪಡಿಸಲು ವೈರ್‌ಗಾರ್ಡ್ ಮೇಲೆ ಗುರುತಿನ ಪದರ ಕಟ್ಟಿಕೊಡುವ ಉತ್ಪನ್ನಗಳಿವೆ. ಆಗ ನೀವು ನಂಬಬೇಕಾದದ್ದು ಆ ಪದರವನ್ನು, ಆ 4,000 ಸಾಲನ್ನಲ್ಲ.

ನಾನು ಹೇಳುವುದು ಐಪಿಸೆಕ್ ಜೊತೆ ಐಕೆಇವಿ2 (ಐಪಿಸೆಕ್ ಪ್ಯಾಕೆಟ್‌ಗಳನ್ನು ಗೂಢಲಿಪಿಗೆ ತಿರುಗಿಸುತ್ತದೆ, ಅದಕ್ಕೆ ಬೇಕಾದ ಕೀಗಳನ್ನು ಎರಡೂ ಕಡೆ ಹೊಂದಿಸುವುದು ಐಕೆಇವಿ2). ಹಳೆಯದು, ಮಾನಕ, ವಿಂಡೋಸ್, ಮ್ಯಾಕ್, ಐಫೋನ್‌ಗಳಲ್ಲಿ ಕ್ಲೈಂಟ್ ಮೊದಲೇ ಇದೆ. 2021ರಲ್ಲಿ ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ ಎನ್‌ಎಸ್‌ಎ ಮತ್ತು ಸಿಸಾ ಜಂಟಿಯಾಗಿ ಹೊರಡಿಸಿದ ಮಾರ್ಗದರ್ಶಿ ಮಾನಕ ಐಕೆಇ/ಐಪಿಸೆಕ್ ಕಡೆಗೇ ಬೆರಳು ತೋರಿಸಿತು. ನಾರ್ವೆಯ ರಾಷ್ಟ್ರೀಯ ಸೈಬರ್ ಭದ್ರತಾ ಕೇಂದ್ರ 2024ರಲ್ಲಿ ಇನ್ನೂ ನೇರವಾಗಿ ಹೇಳಿತು: 2025ರೊಳಗೆ ಎಸ್‌ಎಸ್‌ಎಲ್ ವಿಪಿಎನ್ ಬಿಡಿ, ಐಕೆಇವಿ2ಗೆ ಬನ್ನಿ. ಫೋರ್ಟಿನೆಟ್ ಕೂಡ ತನ್ನ ಸಾಧನಗಳ ತಂತ್ರಾಂಶ ಫೋರ್ಟಿಓಎಸ್ 7.6.3ರಲ್ಲಿ ಎಸ್‌ಎಸ್‌ಎಲ್ ವಿಪಿಎನ್‌ನ ಟನೆಲ್ ಮೋಡ್ (ಟನೆಲ್ ಅಂದರೆ ಗೂಢಲಿಪಿಯ ದಾರಿ) ತೆಗೆದೇಬಿಟ್ಟಿದೆ. ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ತಿಳಿಯಲು ಇಷ್ಟು ಸಾಕು.

ಒಂದು ಎಚ್ಚರಿಕೆ. ವಿಂಡೋಸ್‌ನ ಐಕೆಇವಿ2 ಕ್ಲೈಂಟ್ ತಾನಾಗಿ ಬಿಟ್ಟರೆ 1024 ಬಿಟ್‌ನ ಡಿಫಿ-ಹೆಲ್ಮನ್ ಗುಂಪು 2ನ್ನೇ ಕೇಳುತ್ತದೆ, ಕೀ ಹೊಂದಿಸುವ ಲೆಕ್ಕಕ್ಕೆ ಅದು ಈಗ ದುರ್ಬಲ. ಪವರ್‌ಶೆಲ್‌ನಿಂದ ಅದನ್ನು ಬದಲಿಸಿ, ಗೇಟ್‌ವೇ ಕಡೆ ದುರ್ಬಲ ಗುಂಪುಗಳನ್ನು ಮುಚ್ಚಿ. ಸಂಪರ್ಕ ಆಗುತ್ತಿಲ್ಲ ಅಂತ ಗೇಟ್‌ವೇಯಲ್ಲಿ ಹಳೆಯ ಗುಂಪನ್ನು ತೆರೆದು ಹಾಗೇ ಬಿಟ್ಟವರನ್ನು ಬಹಳ ನೋಡಿದ್ದೇನೆ.

ಹೆಬ್ಬಾಗಿಲು

ಇಷ್ಟು ಬೇಗ ಇಷ್ಟು ವಿಷಯ ಸಿಗುತ್ತದೆ ಎಂದುಕೊಂಡಿರಲಿಲ್ಲ, ಧನ್ಯವಾದ. ಇನ್ನೊಂದು ಕಂಪನಿಯವರು ಬಂದು "ವಿಪಿಎನ್ ಕಾಲ ಮುಗಿಯಿತು, ಝೀರೋ ಟ್ರಸ್ಟ್ ತಗೊಳ್ಳಿ" ಎಂದು ಹೇಳಿ ಹೋಗಿದ್ದಾರೆ. ಅದರಲ್ಲಿ ನಿಜ ಎಷ್ಟು?

ಕೋಟೆಕಾವಲು

ವಿಚಾರ ನಿಜ, ಪೆಟ್ಟಿಗೆಯ ಮೇಲಿನ ಚೀಟಿ ಎಲ್ಲ ಸಲವೂ ನಿಜವಲ್ಲ. ಗೂಗಲ್ ತನ್ನ ಮೇಲೆ 2009ರ ಕೊನೆಯಲ್ಲಿ ನಡೆದ ಅರೋರಾ ದಾಳಿಯ ನಂತರ ಬಿಯಾಂಡ್‌ಕಾರ್ಪ್ ಎಂಬ ತನ್ನ ಝೀರೋ ಟ್ರಸ್ಟ್ ವ್ಯವಸ್ಥೆ ಕಟ್ಟಲು ಹೊರಟಿತು, 2014ರಿಂದ ಅದರ ಬಗ್ಗೆ ಲೇಖನಗಳನ್ನು ಪ್ರಕಟಿಸಿತು. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2020ರ ಆಗಸ್ಟ್‌ನಲ್ಲಿ ಎಸ್‌ಪಿ 800-207 ದಾಖಲೆಯಲ್ಲಿ ಝೀರೋ ಟ್ರಸ್ಟ್‌ಗೆ ವ್ಯಾಖ್ಯೆ ಕೊಟ್ಟಿತು. ತಿರುಳು ಇಷ್ಟೇ: ನೆಟ್‌ವರ್ಕ್‌ನೊಳಗೆ ಇದ್ದೀಯ ಎಂಬ ಕಾರಣಕ್ಕೆ ಯಾರನ್ನೂ ನಂಬಬೇಡ. ಯಾರು, ಯಾವ ಯಂತ್ರದಿಂದ, ಯಾವ ಅಪ್ಲಿಕೇಶನ್‌ಗೆ ಎಂದು ಪ್ರತಿ ಸಲ ನೋಡಿ ಬಿಡು.

ಇಂಥ ಹಲವು ಸೇವೆಗಳಲ್ಲಿ ನಿಮ್ಮ ಒಳ ನೆಟ್‌ವರ್ಕ್‌ನಲ್ಲಿ ಕನೆಕ್ಟರ್ ಎಂಬ ಒಂದು ಸಣ್ಣ ತಂತ್ರಾಂಶ ಕೂರುತ್ತದೆ, ಅದು ಹೊರಗೆ ಕರೆ ಮಾಡುತ್ತದೆ. ಹೊರಗಿನಿಂದ ಒಳಗೆ ಒಂದೂ ಪೋರ್ಟ್ ತೆರೆಯಬೇಕಾಗಿಲ್ಲ. ಇದು ದೊಡ್ಡ ಲಾಭ. ಬದಲಿಗೆ ನಂಬಿಕೆಯ ಭಾರವೆಲ್ಲ ಎರಡು ಕಡೆಗೆ ಸರಿಯುತ್ತದೆ: ಆ ಸೇವೆ ಕೊಡುವ ಕಂಪನಿ, ಮತ್ತು ನಿಮ್ಮ ಗುರುತು ದೃಢೀಕರಣ ವ್ಯವಸ್ಥೆ. ಅದರ ಆಡಳಿತ ಖಾತೆ ಕಳೆದುಕೊಂಡರೆ ಎಲ್ಲವೂ ಹೋದಂತೆ.

ವೆಬ್ ಅಪ್ಲಿಕೇಶನ್‌ಗಳಿಗೆ ಇದು ಚೆನ್ನ. ನಿಮ್ಮ ಲೆಕ್ಕಪತ್ರ ತಂತ್ರಾಂಶದಂಥವಕ್ಕೆ ಎಳೆದಾಡಬೇಕಾಗುತ್ತದೆ. ಪ್ರಾಯೋಗಿಕವಾಗಿ ನೋಡದೆ ಸಹಿ ಹಾಕಬೇಡಿ.

ಎರಡನೇಬೀಗ

ಇಷ್ಟು ಹೊತ್ತು ಟನೆಲ್ ಬಗ್ಗೆ ಮಾತಾಯಿತು. ನಿಜವಾಗಿ ಮನೆ ಮುಳುಗಿಸಿದ್ದು ಎಷ್ಟೋ ಸಲ ಒಂದು ಪಾಸ್‌ವರ್ಡ್. 2021ರ ಮೇ ತಿಂಗಳಲ್ಲಿ ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ನಿಂತುಹೋಯಿತಲ್ಲ, ದಾಳಿಕೋರರು ಬಂದದ್ದು ಯಾರೂ ಬಳಸದೆ ಉಳಿದಿದ್ದ ಹಳೆಯ ವಿಪಿಎನ್ ಖಾತೆಯಿಂದ. ಅದಕ್ಕೆ ಎರಡನೇ ಹಂತದ ದೃಢೀಕರಣ ಇರಲಿಲ್ಲ. ಕಂಪನಿ ಸುಮಾರು 44 ಲಕ್ಷ ಡಾಲರ್ ಒತ್ತೆಹಣ ಕೊಟ್ಟಿತು. 2024ರ ಫೆಬ್ರವರಿಯಲ್ಲಿ ಅಮೆರಿಕದ ಆರೋಗ್ಯ ಪಾವತಿ ಕಂಪನಿ ಚೇಂಜ್ ಹೆಲ್ತ್‌ಕೇರ್‌ಗೆ ನುಗ್ಗಿದವರು ಕದ್ದ ಲಾಗಿನ್ ವಿವರ ಬಳಸಿ ದೂರದಿಂದ ಪ್ರವೇಶಿಸುವ ಸಿಟ್ರಿಕ್ಸ್ ಪೋರ್ಟಲ್ ಮೂಲಕ ಬಂದರು. ಅಲ್ಲೂ ಎರಡನೇ ಹಂತ ಇರಲಿಲ್ಲ ಎಂದು ಮಾತೃಸಂಸ್ಥೆಯ ಮುಖ್ಯಸ್ಥರು ಅಮೆರಿಕ ಸಂಸತ್ತಿನ ಮುಂದೆಯೇ ಹೇಳಿದರು.

ಹಾಗಂತ ಫೋನ್‌ಗೆ "ಒಪ್ಪಿಗೆಯೇ?" ಎಂದು ಕೇಳುವ ಪುಶ್ ಸಂದೇಶ ಹಾಕಿ ಮುಗಿಯಿತು ಅನ್ನಬೇಡಿ. 2022ರಲ್ಲಿ ಊಬರ್‌ನಲ್ಲಿ ಮತ್ತೆ ಮತ್ತೆ ಬಂದ ಕೋರಿಕೆಗಳಲ್ಲಿ ಒಂದನ್ನು ಗುತ್ತಿಗೆ ನೌಕರರೊಬ್ಬರು ಒಪ್ಪಿದ್ದೇ ಸಾಕಾಯಿತು. ಪರದೆಯ ಮೇಲಿನ ಸಂಖ್ಯೆಯನ್ನು ಫೋನ್‌ನಲ್ಲಿ ಟೈಪ್ ಮಾಡಿಸುವ ವಿಧಾನ ಅದಕ್ಕಿಂತ ವಾಸಿ, ಮೈಕ್ರೋಸಾಫ್ಟ್ 2023ರ ಮೇಯಿಂದ ತನ್ನ ಆಥೆಂಟಿಕೇಟರ್‌ನಲ್ಲಿ ಕಡ್ಡಾಯ ಮಾಡಿದೆ. ಇನ್ನೂ ಗಟ್ಟಿಯಾದದ್ದು ಫಿಡೋ2 ಮಾನಕದ ಹಾರ್ಡ್‌ವೇರ್ ಕೀ (ಲಾಗಿನ್ ಆಗಲು ಜೊತೆಗಿರಬೇಕಾದ ಸಣ್ಣ ಸಾಧನ). ನಕಲಿ ಪುಟಕ್ಕೆ ಅದು ಸಹಿಯನ್ನೇ ಕೊಡುವುದಿಲ್ಲ. ಎಲ್ಲರಿಗೂ ಕೊಡಲು ಹಣ ಇಲ್ಲದಿದ್ದರೆ ಮೊದಲು ಆಡಳಿತ ಖಾತೆಯವರಿಗೆ, ಹೊರಗುತ್ತಿಗೆಯವರಿಗೆ, ಹಣಕಾಸು ವಿಭಾಗಕ್ಕೆ ಕೊಡಿ.

ಇನ್ನೂ ಒಂದು ಮಾತು, ದಯವಿಟ್ಟು ಗಮನಿಸಿ. 2023ರ ಅಕ್ಟೋಬರ್‌ನ, ಸಿಟ್ರಿಕ್ಸ್ ಸಾಧನಗಳ ದೋಷ ಸಿಟ್ರಿಕ್ಸ್ ಬ್ಲೀಡ್, ಸಿವಿಇ-2023-4966, ನೆನಪಿರಬಹುದು. ಅದರಲ್ಲಿ ಸೋರಿದ್ದು ಸೆಷನ್ ಟೋಕನ್, ಅಂದರೆ ಲಾಗಿನ್ ಆದವರಿಗೆ ಸಾಧನ ಕೊಡುವ ಪ್ರವೇಶ ಚೀಟಿ. ಬಳಕೆದಾರ ಎರಡು ಹಂತ ದಾಟಿ ಪಡೆದ ಟೋಕನ್ ಕದ್ದವರಿಗೆ ಯಾವ ಹಂತವೂ ಬೇಕಾಗಲಿಲ್ಲ. ಪ್ಯಾಚ್ ಹಾಕಿದ ಮೇಲೂ ಹಳೆಯ ಸೆಷನ್‌ಗಳು ಜೀವಂತವಾಗಿದ್ದವು. ಆದ್ದರಿಂದ ಪ್ಯಾಚ್ ವಿಧಾನವನ್ನು ಬರೆದಿಡುವಾಗ "ಎಲ್ಲ ಸೆಷನ್ ಕೊನೆಗೊಳಿಸು, ಸಾಧನದಲ್ಲಿದ್ದ ಎಲ್ಲ ರಹಸ್ಯಗಳನ್ನು ಬದಲಿಸು" ಎನ್ನುವ ಸಾಲು ಅದರಲ್ಲಿ ಇರಲೇಬೇಕು.

ಹೆಬ್ಬಾಗಿಲು

"ಎಲ್ಲ ರಹಸ್ಯಗಳು" ಅಂದರೆ ಏನೇನು? ಪಟ್ಟಿ ಮಾಡಲು ಕೂತರೆ ಟಿಎಲ್‌ಎಸ್ (ವೆಬ್ ಸಂಪರ್ಕವನ್ನು ಗೂಢಲಿಪಿಯಲ್ಲಿಡುವ ವಿಧಾನ) ಪ್ರಮಾಣಪತ್ರದ ಕೀ ಬಿಟ್ಟು ಬೇರೇನೂ ತಲೆಗೆ ಹೊಳೆಯುತ್ತಿಲ್ಲ.

ಒಳಗೋಡೆ

ಇಡೀ ಚರ್ಚೆಯಲ್ಲಿ ಇದೇ ಮುಖ್ಯ ಪ್ರಶ್ನೆ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಗೇಟ್‌ವೇ ತೆರೆದು ನೋಡಿ. ಆ್ಯಕ್ಟಿವ್ ಡೈರೆಕ್ಟರಿಯನ್ನು ಕೇಳಲು ಒಂದು ಎಲ್‌ಡಿಎಪಿ (ಡೈರೆಕ್ಟರಿ ಓದುವ ಪ್ರೋಟೋಕಾಲ್) ಸೇವಾ ಖಾತೆಯ ಪಾಸ್‌ವರ್ಡ್ ಇರುತ್ತದೆ. ಲಾಗಿನ್ ಪರೀಕ್ಷಿಸುವ ಸರ್ವರ್ ಜೊತೆ ಮಾತಾಡಲು ರೇಡಿಯಸ್ ಪ್ರೋಟೋಕಾಲ್‌ನ ಹಂಚಿಕೆ ರಹಸ್ಯ ಇರುತ್ತದೆ. ಸ್ಯಾಮಲ್ (ಒಂದೆಡೆ ಪರೀಕ್ಷಿಸಿದ ಗುರುತನ್ನು ಇನ್ನೊಂದೆಡೆಗೆ ತಿಳಿಸುವ ವಿಧಾನ) ಸಹಿ ಕೀ, ಐಪಿಸೆಕ್‌ನ ಮೊದಲೇ ಹಂಚಿದ ಕೀ, ಬ್ಯಾಕಪ್ ಸರ್ವರ್‌ಗೆ ಹೋಗುವ ಖಾತೆ, ಸಾಧನದ ನಿಗಾಕ್ಕೆ ಬಳಸುವ ಎಸ್‌ಎನ್‌ಎಂಪಿಯ ಗುಪ್ತಪದ, ಸ್ಥಳೀಯ ಆಡಳಿತ ಖಾತೆಗಳು. ಬಳಕೆದಾರರು ಅಲ್ಲೇ ಪಾಸ್‌ವರ್ಡ್ ಟೈಪ್ ಮಾಡುತ್ತಿದ್ದರೆ, ಸಾಧನ ಬಿದ್ದ ದಿನದಿಂದ ಟೈಪ್ ಮಾಡಿದ ಎಲ್ಲರ ಪಾಸ್‌ವರ್ಡ್ ಕೂಡ ಹೋಯಿತು.

ಇದರಲ್ಲಿ ಅತಿ ಅಪಾಯಕಾರಿ ಆ ಎಲ್‌ಡಿಎಪಿ ಖಾತೆ. ಸ್ಥಾಪನೆಯ ದಿನ ಅವಸರದಲ್ಲಿ ಅದಕ್ಕೆ ಡೊಮೇನ್ ಅಡ್ಮಿನ್ ಹಕ್ಕು (ಇಡೀ ಆ್ಯಕ್ಟಿವ್ ಡೈರೆಕ್ಟರಿಯ ಮೇಲಿನ ಹಿಡಿತ) ಕೊಟ್ಟು, ಆಮೇಲೆ ತೆಗೆಯದೆ ಬಿಟ್ಟಿರುತ್ತಾರೆ. ಹಾಗಿದ್ದರೆ ಗೇಟ್‌ವೇ ಬಿದ್ದ ಕ್ಷಣವೇ ಇಡೀ ಡೊಮೇನ್ ಬಿದ್ದಂತೆ. ಅದಕ್ಕೆ ಓದುವ ಹಕ್ಕು ಮಾತ್ರ ಸಾಕು, ಗೇಟ್‌ವೇಯ ಐಪಿ ಬಿಟ್ಟು ಬೇರೆಲ್ಲಿಂದಲೂ ಲಾಗಿನ್ ಆಗದಂತೆ ಕಟ್ಟಿಹಾಕಿ. ಇನ್ನೂ ಒಳ್ಳೆಯದೆಂದರೆ ಗೇಟ್‌ವೇಗೆ ಪಾಸ್‌ವರ್ಡ್ ಕಾಣುವುದೇ ಬೇಡ: ಸ್ಯಾಮಲ್ ಅಥವಾ ಓಪನ್‌ಐಡಿ ಕನೆಕ್ಟ್ ಮೂಲಕ ಗುರುತು ಬೇರೆ ಕಡೆ ಪರೀಕ್ಷೆಯಾಗಿ ಬರಲಿ. ರೇಡಿಯಸ್ ಬಿಡಲಾಗದಿದ್ದರೆ 2024ರ ಜುಲೈನಲ್ಲಿ ಬೆಳಕಿಗೆ ಬಂದ ಬ್ಲಾಸ್ಟ್‌ರೇಡಿಯಸ್ ದೋಷದ ಬಗ್ಗೆ ಓದಿಕೊಂಡು, ಸಂದೇಶವನ್ನು ಯಾರೂ ತಿದ್ದಿಲ್ಲವೆಂದು ಖಚಿತಪಡಿಸುವ ಮೆಸೇಜ್-ಆಥೆಂಟಿಕೇಟರ್ ಗುಣವನ್ನು ಎರಡೂ ಕಡೆ ಕಡ್ಡಾಯ ಮಾಡಿ.

ಈಗ ಜಾಗದ ವಿಚಾರ. ಗೇಟ್‌ವೇಯನ್ನು ಡಿಎಂಝಡ್‌ನಲ್ಲಿ (ಇಂಟರ್‌ನೆಟ್ ಮತ್ತು ಒಳ ನೆಟ್‌ವರ್ಕ್ ನಡುವಿನ ಪ್ರತ್ಯೇಕ ವಲಯ) ಇಡಿ, ಅದರ ಮತ್ತು ಒಳ ನೆಟ್‌ವರ್ಕ್‌ನ ನಡುವೆ ಇನ್ನೊಂದು ಫೈರ್‌ವಾಲ್ ಇರಲಿ. ಆ ಫೈರ್‌ವಾಲ್ ಬೇರೆಯದೇ ಸಾಧನವಾಗಿರಲಿ, ಗೇಟ್‌ವೇಯೊಳಗಿನ ನಿಯಮಗಳನ್ನೇ ನಂಬಿ ಕೂರಬೇಡಿ. ಗೇಟ್‌ವೇ ಹಿಡಿದವರು ಅದರೊಳಗಿನ ನಿಯಮಗಳನ್ನು ಅಳಿಸಬಲ್ಲರು, ಪಕ್ಕದ ಫೈರ್‌ವಾಲ್‌ನದನ್ನು ಅಳಿಸಲಾರರು. ಪ್ರತಿ ಗುಂಪಿನ ಬಳಕೆದಾರರಿಗೆ ಬೇರೆ ಐಪಿ ಶ್ರೇಣಿ ಕೊಡಿ, ಉದಾಹರಣೆಗೆ ಲೆಕ್ಕಪತ್ರದವರ ಶ್ರೇಣಿಯಿಂದ ಆ ಒಂದು ಡೇಟಾಬೇಸ್‌ನ ಒಂದು ಪೋರ್ಟ್ ಮಾತ್ರ. ಗೇಟ್‌ವೇ ತಾನಾಗಿ ಇಂಟರ್‌ನೆಟ್‌ಗೆ ಹೊರಡುವುದನ್ನೂ ತಡೆಯಿರಿ, ಅಪ್‌ಡೇಟ್ ಸರ್ವರ್ ಬಿಟ್ಟು ಬೇರೇನೂ ಬೇಡ. ದಾಳಿಕೋರ ಒಳಗೆ ಬಂದ ಮೇಲೆ ಮೊದಲು ಮಾಡುವುದು ಹೊರಗಿನ ತನ್ನ ಯಂತ್ರಕ್ಕೆ ಕರೆ.

ಆಡಳಿತ ಪುಟ ಇಂಟರ್‌ನೆಟ್‌ಗೆ ಕಾಣಬಾರದು, ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಲಾಗ್‌ಗಳು ಆ ಕ್ಷಣವೇ ಬೇರೊಂದು ಯಂತ್ರಕ್ಕೆ ಹೋಗಲಿ. ಇವಾಂಟಿ ಪ್ರಕರಣದಲ್ಲಿ ತಯಾರಕರ ಸಮಗ್ರತೆ ಪರೀಕ್ಷಾ ಸಾಧನವನ್ನೇ ದಾಳಿಕೋರರು ವಂಚಿಸಬಲ್ಲರೆಂದು ಸಿಸಾ ಎಚ್ಚರಿಸಿತು. ಅಂದಮೇಲೆ ಸಾಧನ ತನ್ನ ಬಗ್ಗೆ ತಾನೇ ಹೇಳುವುದು ಸಾಕ್ಷಿಯಾಗುವುದಿಲ್ಲ. ಸಾಕ್ಷಿ ಸಿಗುವುದು ಪಕ್ಕದ ಫೈರ್‌ವಾಲ್‌ನ ಲಾಗ್‌ನಲ್ಲಿ, ಆ್ಯಕ್ಟಿವ್ ಡೈರೆಕ್ಟರಿ ನಡೆಸುವ ಸರ್ವರ್ ಆದ ಡೊಮೇನ್ ಕಂಟ್ರೋಲರ್‌ನ ಲಾಗ್‌ನಲ್ಲಿ. ಗೇಟ್‌ವೇಯ ಐಪಿಯಿಂದ ಎಂದೂ ಹೋಗದ ಕಡೆಗೆ ಒಂದು ಪ್ಯಾಕೆಟ್ ಹೊರಟರೂ ಎಚ್ಚರಿಕೆ ಗಂಟೆ ಬಾರಿಸುವಂತೆ ಮಾಡಿ. ಈ ಒಂದು ನಿಯಮಕ್ಕೆ ಸಮಾನವಾದ ಕಾವಲು ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ.

ಸುರಂಗ

ಇದನ್ನು ಓದಿದ ಮೇಲೆ ನನ್ನ ಮಾತನ್ನು ಸ್ವಲ್ಪ ತಿದ್ದಿಕೊಳ್ಳುತ್ತೇನೆ. ಟನೆಲ್ ಯಾವುದೇ ಇರಲಿ, ಒಳಗೋಡೆ ಅವರು ಹೇಳಿದ ವಿನ್ಯಾಸ ಬೇಕೇ ಬೇಕು. ಆದರೂ ಸಣ್ಣ ತಂಡವೊಂದು ತನ್ನ ಆಡಳಿತಗಾರರಿಗಷ್ಟೇ, ತುರ್ತಿಗಾಗಿ, ಪ್ರತ್ಯೇಕ ವೈರ್‌ಗಾರ್ಡ್ ದಾರಿ ಇಟ್ಟುಕೊಳ್ಳುವುದು ಒಳ್ಳೆಯದು ಅನ್ನುವುದನ್ನು ಬಿಟ್ಟುಕೊಡುವುದಿಲ್ಲ. ಮುಖ್ಯ ಗೇಟ್‌ವೇಗೆ ಪ್ಯಾಚ್ ಹಾಕುವಾಗ ಅದರ ಮೂಲಕವೇ ಒಳಬಂದು ಕೂತಿದ್ದರೆ, ರೀಬೂಟ್ ಆಗಿ ಅದು ಏಳದಿದ್ದಾಗ ಏನು ಮಾಡುತ್ತೀರಿ?

ಮುದ್ರೆಯುಂಗುರ

ಆ ದಾರಿಯೂ ಒಂದು ಬಾಗಿಲೇ ಎಂಬುದು ನೆನಪಿರಲಿ. ಅದು ಆಡಳಿತ ಜಾಲದ ಒಂದೇ ಒಂದು ಜಂಪ್ ಯಂತ್ರಕ್ಕೆ (ಬೇರೆ ಸರ್ವರ್‌ಗಳಿಗೆ ಹೋಗುವ ಮೊದಲು ದಾಟಬೇಕಾದ ನಡುವಿನ ಯಂತ್ರ) ಹೋಗಲಿ, ಅಲ್ಲಿ ಹಾರ್ಡ್‌ವೇರ್ ಕೀ ಕೇಳಲಿ. ಹಾಗಿದ್ದರೆ ನನ್ನ ತಕರಾರಿಲ್ಲ.

ಪ್ಯಾಕೆಟ್‌ಪಯಣ

ಭದ್ರತೆ ಸರಿಯಾದ ಮೇಲೆ ಬಳಕೆದಾರರ ಕರೆಗಳು ಶುರುವಾಗುತ್ತವೆ, ಅದಕ್ಕೂ ತಯಾರಿರಿ. ಅತಿ ಸಾಮಾನ್ಯ ದೂರು: "ಲಾಗಿನ್ ಆಗುತ್ತದೆ, ಚಿಕ್ಕ ಪುಟ ತೆರೆಯುತ್ತದೆ, ದೊಡ್ಡ ಕಡತ ಅರ್ಧಕ್ಕೆ ನಿಲ್ಲುತ್ತದೆ." ಎಲ್ಲರೂ ವೇಗ ಪರೀಕ್ಷೆಗೆ ಓಡುತ್ತಾರೆ. ಮೊದಲು ನೋಡಬೇಕಾದದ್ದು ಎಂಟಿಯು, ಅಂದರೆ ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ. ಸಾಮಾನ್ಯ ಈಥರ್‌ನೆಟ್‌ನಲ್ಲಿ 1500 ಬೈಟ್, ಟನೆಲ್‌ನ ಹೊದಿಕೆ ಅದರಲ್ಲಿ ಜಾಗ ತಿನ್ನುತ್ತದೆ. ವೈರ್‌ಗಾರ್ಡ್ ಐಪಿವಿ6 ಮೇಲೆ ಹೋದರೆ 80 ಬೈಟ್ ಬೇಕು, ಅದಕ್ಕೇ ಅದರ ಪೂರ್ವನಿಗದಿತ ಎಂಟಿಯು 1420. ದಾರಿಯಲ್ಲಿ ಯಾರೋ ಐಸಿಎಂಪಿಯನ್ನು (ಜಾಲದ ದೋಷ ಸಂದೇಶಗಳನ್ನು ಒಯ್ಯುವ ಪ್ರೋಟೋಕಾಲ್) ಪೂರ್ತಿ ತಡೆದಿದ್ದರೆ "ಪ್ಯಾಕೆಟ್ ದೊಡ್ಡದಾಯಿತು" ಎಂಬ ಸುದ್ದಿ ಕಳಿಸಿದವರಿಗೆ ತಲುಪುವುದೇ ಇಲ್ಲ. ಗೇಟ್‌ವೇಯಲ್ಲಿ ಟಿಸಿಪಿ ಎಂಎಸ್‌ಎಸ್ (ಒಂದು ಪ್ಯಾಕೆಟ್‌ನಲ್ಲಿ ತುಂಬುವ ಡೇಟಾದ ಮಿತಿ) ಅನ್ನು 1380ಕ್ಕೋ ಅದಕ್ಕಿಂತ ಕಡಿಮೆಗೋ ಕಟ್ಟಿಹಾಕಿ, ಬಹುಪಾಲು ಕರೆಗಳು ನಿಲ್ಲುತ್ತವೆ.

ಐಕೆಇವಿ2ಗೆ ಯುಡಿಪಿಯ 500 ಮತ್ತು 4500ನೇ ಪೋರ್ಟ್‌ಗಳು ಬೇಕು. ಕೆಲವು ಸಾರ್ವಜನಿಕ ವೈಫೈಗಳಲ್ಲಿ ಯುಡಿಪಿಯನ್ನೇ ಮುಚ್ಚಿರುತ್ತಾರೆ. ಐಪಿಸೆಕ್ ಅನ್ನು ಟಿಸಿಪಿಯೊಳಗೆ ಸುತ್ತಿ ಕಳಿಸುವ ಮಾನಕ ಇದೆ, ಆರ್‌ಎಫ್‌ಸಿ 9329, ನಿಮ್ಮ ಗೇಟ್‌ವೇ ಮತ್ತು ಕ್ಲೈಂಟ್ ಎರಡೂ ಅದನ್ನು ಬೆಂಬಲಿಸುತ್ತವೆಯೇ ಎಂದು ಖರೀದಿಗೆ ಮೊದಲು ಕೇಳಿ. ಟಿಸಿಪಿಯೊಳಗೆ ಟಿಸಿಪಿ ಓಡಿದರೆ, ಪ್ಯಾಕೆಟ್ ಕಳೆದಾಗ ಎರಡೂ ಪದರ ಮರುಕಳಿಸಲು ಹೊರಟು ವೇಗ ನೆಲ ಕಚ್ಚುತ್ತದೆ. ಅದು ಕೊನೆಯ ಉಪಾಯವಾಗಿರಲಿ, ಮೊದಲನೆಯದಾಗದಿರಲಿ.

ಎಲ್ಲ ಸಂಚಾರವನ್ನೂ ಟನೆಲ್‌ಗೆ ಹಾಕಬೇಕೇ, ಕಚೇರಿಯದ್ದನ್ನು ಮಾತ್ರವೇ ಎಂಬ ಜಗಳ ಮುಗಿಯುವಂಥದ್ದಲ್ಲ. ವಿಡಿಯೊ ಕರೆಗಳನ್ನು ಹೊರಗೆ ಬಿಟ್ಟು ಉಳಿದದ್ದನ್ನು ಒಳಗೆ ತರುವುದು ನನಗೆ ಸಮಂಜಸ. ಎಲ್ಲವನ್ನೂ ಒಳಗೆ ತಂದೆವು ಎಂದು ನಿಶ್ಚಿಂತೆಯಿಂದಲೂ ಇರಬೇಡಿ. 2024ರ ಮೇಯಲ್ಲಿ ಬಯಲಾದ ಟನೆಲ್‌ವಿಷನ್ ದಾಳಿಯಲ್ಲಿ, ಬಳಕೆದಾರ ಕೂತ ಸ್ಥಳೀಯ ಜಾಲದ ದುಷ್ಟ ಡಿಎಚ್‌ಸಿಪಿ ಸರ್ವರ್ (ಐಪಿ ವಿಳಾಸ ಹಂಚುವ ಯಂತ್ರ) 121ನೇ ಆಯ್ಕೆಯ ಮೂಲಕ ಮಾರ್ಗ ಬದಲಿಸಿ ಸಂಚಾರವನ್ನು ಟನೆಲ್‌ನ ಹೊರಗೆ ಎಳೆಯಬಲ್ಲದು ಎಂದು ತೋರಿಸಿದರು. ಒಳಗಿನ ಅಪ್ಲಿಕೇಶನ್‌ಗಳಿಗೂ ಟಿಎಲ್‌ಎಸ್ ಇರಲಿ.

ಎರಡನೇಬೀಗ

ಹೊರಗುತ್ತಿಗೆಯವರ ಹಂಚಿಕೊಂಡ ಖಾತೆಯ ಬಗ್ಗೆ ಯಾರೂ ಹೇಳಲಿಲ್ಲ. ಹೊಸ ಗೇಟ್‌ವೇಗೆ ಕಾಯಬೇಡಿ, ಇವತ್ತೇ ಮುಚ್ಚಿ. ಒಬ್ಬೊಬ್ಬರಿಗೂ ಸ್ವಂತ ಹೆಸರಿನ ಖಾತೆ, ಕೊನೆಯ ದಿನಾಂಕ ಇರುವ ಖಾತೆ. ಅವರಿಗೆ ಟನೆಲ್ ಬೇಡವೇ ಬೇಡ. ಬ್ರೌಸರ್‌ನಿಂದ ಒಂದು ಜಂಪ್ ಯಂತ್ರಕ್ಕೆ ಬರಲಿ, ಅಲ್ಲಿಂದ ತಮಗೆ ಬೇಕಾದ ಸರ್ವರ್‌ಗೆ ಮಾತ್ರ ಹೋಗಲಿ, ಸೆಷನ್ ದಾಖಲಾಗಲಿ. ನಿಮ್ಮವರು ಯಾರಾದರೂ ಒಪ್ಪಿದಾಗಷ್ಟೇ ದಾರಿ ತೆರೆದುಕೊಳ್ಳಲಿ, ಕೆಲಸ ಮುಗಿದ ಮೇಲೆ ತಾನಾಗಿ ಮುಚ್ಚಲಿ. ಅವರ ಲ್ಯಾಪ್‌ಟಾಪ್ ಎಷ್ಟು ಶುಚಿ ಎಂದು ನಿಮಗೆ ತಿಳಿಯುವ ದಾರಿಯೇ ಇಲ್ಲ, ಆ ಯಂತ್ರವನ್ನು ನಿಮ್ಮ ನೆಟ್‌ವರ್ಕ್‌ನ ಭಾಗ ಮಾಡಿಕೊಳ್ಳುವುದು ಯಾಕೆ?

ಅವಸರಕ್ಕೆ ಯಾರದ್ದೋ ಯಂತ್ರದ ಆರ್‌ಡಿಪಿಯ (ವಿಂಡೋಸ್ ಯಂತ್ರವನ್ನು ದೂರದಿಂದ ನಡೆಸುವ ವಿಧಾನ) 3389ನೇ ಪೋರ್ಟನ್ನು ಹೊರಗೆ ತೆರೆದಿದ್ದೀರಾ ಎಂದೂ ಹೊರಗಿನಿಂದ ಒಮ್ಮೆ ಸ್ಕ್ಯಾನ್ ಮಾಡಿ ನೋಡಿ. ಫೈರ್‌ವಾಲ್ ನಿಯಮ ಓದಿ "ಇಲ್ಲ" ಅನ್ನುವುದಕ್ಕೂ ಹೊರಗಿನಿಂದ ನೋಡಿ "ಇಲ್ಲ" ಅನ್ನುವುದಕ್ಕೂ ವ್ಯತ್ಯಾಸವಿದೆ.

ಹೆಬ್ಬಾಗಿಲು

ತಂಡದ ಜೊತೆ ಕೂತು ನಿಮ್ಮ ಮಾತುಗಳನ್ನೆಲ್ಲ ಓದಿದೆವು. ಎಲ್‌ಡಿಎಪಿ ಖಾತೆ ನೋಡಿದೆವು, ಒಳಗೋಡೆ ಹೇಳಿದ ಹಾಗೇ ಇತ್ತು, ಹಕ್ಕು ಕಿತ್ತು ಪಾಸ್‌ವರ್ಡ್ ಬದಲಿಸಿದ್ದೇವೆ. ಹಂಚಿಕೊಂಡ ಖಾತೆಗಳು ಮುಚ್ಚಿವೆ.

ಈಗ ಯೋಚಿಸಿರುವ ಕ್ರಮ: ಮೊದಲು ಹಳೆಯ ಸಾಧನದ ಹಿಂದೆಯೇ ಬೇರೆ ಫೈರ್‌ವಾಲ್ ಇಟ್ಟು ಗುಂಪುಗಳನ್ನು ವಿಂಗಡಿಸುವುದು. ಆಮೇಲೆ ಎರಡನೇ ಹಂತದ ದೃಢೀಕರಣ. ಅದಾದ ಮೇಲೆ ಐಕೆಇವಿ2 ಗೇಟ್‌ವೇ, ಲ್ಯಾಪ್‌ಟಾಪ್‌ನ ಟಿಪಿಎಂ ಎಂಬ ಭದ್ರತಾ ಚಿಪ್‌ನಲ್ಲಿ ಕೂತ, ಹೊರತೆಗೆಯಲಾಗದ ಸಾಧನ ಪ್ರಮಾಣಪತ್ರದ ಜೊತೆ. ವೆಬ್ ಅಪ್ಲಿಕೇಶನ್‌ಗಳನ್ನು ನಿಧಾನವಾಗಿ ಗುರುತು ಕೇಳುವ ಪ್ರಾಕ್ಸಿಯ ಹಿಂದೆ ಸರಿಸುವುದು. ಆಗ ವಿಪಿಎನ್ ಬೇಕಾಗುವವರ ಸಂಖ್ಯೆ ತಾನಾಗಿ ಇಳಿಯುತ್ತದೆ. ಕ್ರಮದಲ್ಲಿ ತಪ್ಪಿದ್ದರೆ ಹೇಳಿ.

ಒಳಗೋಡೆ

ಒಂದೇ ಬದಲಾವಣೆ: ಎರಡನೇ ಹಂತದ ದೃಢೀಕರಣ ಮೊದಲು. ವಿಂಗಡಣೆಗೆ ವಾರಗಳು ಬೇಕು, ಯಾವ ಗುಂಪಿಗೆ ಏನು ಬೇಕೆಂದು ನಿಮಗೇ ಇನ್ನೂ ಗೊತ್ತಿಲ್ಲ. ಫೈರ್‌ವಾಲ್ ಅನ್ನು ಮೊದಲು ಎಲ್ಲವನ್ನೂ ಬಿಟ್ಟು ಬರಿ ದಾಖಲಿಸುವ ಸ್ಥಿತಿಯಲ್ಲಿ ಇಡಿ, ತಿಂಗಳ ಕೊನೆಯ ಲೆಕ್ಕ ಮುಗಿಯುವ ದಿನಗಳೂ ಅದರಲ್ಲಿ ಸೇರಲಿ. ಆ ಲಾಗ್ ನೋಡಿ ನಿಯಮ ಬರೆಯಿರಿ. ಅಷ್ಟರಲ್ಲಿ ಪಾಸ್‌ವರ್ಡ್ ಒಂದರಿಂದಲೇ ತೆರೆಯುವ ಬಾಗಿಲು ಹಾಗೇ ಇರಬಾರದು.

ಕೋಟೆಕಾವಲು

ಹೊಸ ಗೇಟ್‌ವೇ ಎದ್ದ ದಿನ ಹಳೆಯದರ ವಿದ್ಯುತ್ ತಂತಿ ಕಿತ್ತುಬಿಡಿ. "ಇನ್ನೂ ನಾಲ್ಕು ಜನ ಅದರಲ್ಲಿದ್ದಾರೆ" ಎಂದು ಬಿಟ್ಟರೆ ಪ್ಯಾಚ್ ಬಾರದ ಸಾಧನ ಇಂಟರ್‌ನೆಟ್‌ನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಆ ನಾಲ್ಕು ಜನರ ಹೆಸರನ್ನು ಈಗಲೇ ಬರೆದಿಟ್ಟು ಅವರನ್ನೇ ಮೊದಲು ಸ್ಥಳಾಂತರಿಸಿ.

ಹೆಬ್ಬಾಗಿಲು

ಹಾಗೇ ಮಾಡುತ್ತೇವೆ. ಲೆಕ್ಕಪತ್ರ ವಿಭಾಗವೇ ಮೊದಲ ತಂಡ. ಫೈರ್‌ವಾಲ್ ದಾಖಲೆ ಸ್ಥಿತಿಯಲ್ಲಿ ನಿಂತ ಮೇಲೆ ಲಾಗ್‌ನಲ್ಲಿ ಏನು ಕಂಡಿತೆಂದು ಇಲ್ಲೇ ಬರೆಯುತ್ತೇನೆ.